ದುಂಡಪ್ಪ ಸಾವಕಾರರ ನಾನೂರಾ ಹನ್ನೆರಡು

ರಾಮದುರ್ಗದ ಅರಳೆ ವ್ಯಾಪಾರಿ ದುಂಡಪ್ಪನಿಗೆ ಎರಡು ಹೆಮ್ಮೆಗಳಿದ್ದವು. ಊರಿನ ಹೊಸ ದವಾಖಾನೆ ನಡೆಯುತ್ತಿದ್ದುದು ತನ್ನ ಕಟ್ಟಡದಲ್ಲಿ. ತನ್ನ ಮನೆತನದಲ್ಲಿ ಯಾರೂ ಹಾಸಿಗೆ ಹಿಡಿದು ಸತ್ತಿರಲಿಲ್ಲ. ಆದರೆ ಬಾಳೆಲ್ಲ ಅರಳೆಯ ಧೂಳು ನುಂಗಿ, ಮೇಲೆ ಬೀಡಿ ಸೇದಿ, ಇಸವಿ ಎಪ್ಪತ್ನಾಲ್ಕರ ದೀಪಾವಳಿ ಹೊತ್ತಿಗೆ ಅವನ ಕೆಮ್ಮು ಬಸ್‌ಸ್ಟ್ಯಾಂಡಿನ ತನಕ ಕೇಳತೊಡಗಿತು. ಹೆಂಡತಿ ರಾಚವ್ವ ಅವನನ್ನು ಮಲಕಾಜಪ್ಪ ಡಾಕ್ಟರರ ಬಳಿ ಅಟ್ಟಿದಳು. ಡಾಕ್ಟರು ಎದೆಯ ಫೋಟೋ ತೆಗೆಸಿದರು. ಹೊಸ ಇಸಿಜಿ ಯಂತ್ರದಿಂದ ಹೃದಯದ ಗೆರೆಯನ್ನೂ ಬರೆಸಿದರು. ಹೃದಯ ಗಟ್ಟಿಯಾಗಿತ್ತು, ಶ್ವಾಸಕೋಶ ಕೆಟ್ಟಿತ್ತು.

ಜಗತ್ತಿನ ರೋಗಗಳಿಗೆಲ್ಲ ನಂಬರು ಕೊಟ್ಟ ದಪ್ಪ ಪುಸ್ತಕ ನೋಡಿ ಪೇಷಂಟರ ಚೀಟಿಗೆ ನಂಬರು ಹಾಕುವ ಕೆಲಸ ಕೃಷ್ಣವ್ವನದು. ಅವಳು ನಾನೂರಾ ತೊಂಬತ್ತೊಂದು ಎಂದು ಬರೆದಳು.

"ಇದೇನಬೇ?" ಎಂದ ದುಂಡಪ್ಪ.

"ಪುಪ್ಪಸದ ಹಳೇ ಬ್ಯಾನಿರಿ."

ದುಂಡಪ್ಪ ದನಿ ತಗ್ಗಿಸಿದ. "ಮಗಳನ್ನ ಬೈಲಹೊಂಗಲಕ್ಕ ಕೊಡೂ ಮಾತು ನಡದೈತಿ. ಪುಪ್ಪಸ ಅಂದ್ರ ಮಂದಿ ಕ್ಷಯ ಅಂತಾರ. ಹಾರ್ಟಿನ ನಂಬರ್ ಹಾಕು. ಅದು ದೊಡ್ಡ ಮಂದಿ ಬ್ಯಾನಿ."

"ಫೋಟೋದಾಗ ಇದ್ದದ್ದನ್ನ ಬರೀಬೇಕಲ್ರಿ ಸಾವಕಾರ್ರ?"

"ಫೋಟೋ ಯಾರ ಕಟ್ಟಡದಾಗ ತಗದಾರ?"

ಈ ಪ್ರಶ್ನೆ ಒಳಗಿದ್ದ ಡಾಕ್ಟರಿಗೆ ಕೇಳಿಸಿತು. ಹೊರಬಂದು ಕನ್ನಡಕ ಒರೆಸಿಕೊಂಡರು. "ಎರಡೂ ಒಂದ ಎದಿಯಾಗ ಇರ್ತಾವ, ಕೃಷ್ಣವ್ವಾ. ನಾನೂರಾ ಹನ್ನೆರಡು ಹಾಕು."

ಔಷಧ ಮಾತ್ರ ಕೆಮ್ಮಿನದೇ ಕೊಟ್ಟರು.

ಹೃದಯರೋಗಿಯಾಗಿ ಮನೆಗೆ ಬಂದ ಗಂಡನನ್ನು ನೋಡಿ ರಾಚವ್ವ ಮೊದಲು ಅತ್ತಳು, ಆಮೇಲೆ ಸೆರಗು ಸಿಕ್ಕಿಸಿದಳು. ಉಪ್ಪು, ತುಪ್ಪ, ಬೀಡಿ ಎಲ್ಲ ಬಂದ್. ಅಂಗಡಿಯಲ್ಲಿ ಗಂಡನ ತಮ್ಮ ನಿಜಗುಣಪ್ಪ ಕೂತ. ದುಂಡಪ್ಪ ಅಟ್ಟದ ಮೆಟ್ಟಿಲು ಮುಟ್ಟಿದರೂ ಅವಳು ಚೀರುತ್ತಿದ್ದಳು. ಸಂಜೆ ಮಲಪ್ರಭೆಯ ದಂಡೆಗೆ ಕರೆದೊಯ್ದು ಗಾಳಿ ಕುಡಿಸುತ್ತಿದ್ದಳು. ಸಂಕ್ರಾಂತಿಯ ಹೊತ್ತಿಗೆ ಕೆಮ್ಮು ನಿಂತೇ ಹೋಯಿತು. ಹಾರ್ಟಿನ ಔಷಧ ಎಷ್ಟು ಚಲೋ ಎಂದು ಅವಳು ಓಣಿಗೆಲ್ಲ ಹೇಳಿದಳು.

ಬೈಲಹೊಂಗಲದ ಬೀಗರು ನೋಡಲು ಬಂದರು. "ಇಷ್ಟು ವ್ಯವಹಾರ ಹೊತ್ತ ಎದಿ, ತ್ರಾಸ ಆಗೂದ" ಎಂದು ಗೌರವದಿಂದ ತಲೆಯಾಡಿಸಿದರು. ಸಾವಕಾರರು ಬದುಕಿದ್ದಾಗಲೇ ಆಗಿಬಿಡಲಿ ಎಂದು, ಬೇಸಿಗೆಗೆ ಗೊತ್ತಾಗಿದ್ದ ಮದುವೆಯನ್ನು ಮಾಘದಲ್ಲೇ ಮುಗಿಸಿದರು.

ಬೀಗರ ಗಾಡಿ ಊರು ದಾಟಿದ್ದೇ ತಡ, ದುಂಡಪ್ಪ ಅಂಗಡಿಯ ಗಾದಿ ಏರಿ ಬೀಡಿ ಹಚ್ಚಿದ. ಕಾರಹುಣ್ಣಿಮೆಗೆ ಮುಂಚೆಯೇ ಕೆಮ್ಮು ಮರಳಿ ಬಂತು.

"ಯಾಕ್ರಿ ಸಾವಕಾರ್ರ, ಭಾಳ ಕೆಮ್ಮಾಕ ಹತ್ತೀರಿ?" ಎಂದು ಗಿರಾಕಿಯೊಬ್ಬ ಕೇಳಿದ.

ದುಂಡಪ್ಪ ಕಣ್ಣೀರು ಒರೆಸಿಕೊಂಡು, ಉಸಿರು ಹಿಡಿದು, ಬೆನ್ನು ನೆಟ್ಟಗೆ ಮಾಡಿದ.

"ಇದು ನಿಮ್ಮಂಥವರ ಕೆಮ್ಮಲ್ಲೋ. ಹಾರ್ಟಿಂದು."