ಬಿಳಿ ಗೆರೆಯೊಳಗಿನ ಗುಂಡಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರರಲ್ಲಿ ನನ್ನ ಪೇಟೆ ಯಾವುದೆಂದು ಹೇಳುವುದಿಲ್ಲ. ಹೇಳಿದರೆ ಉಳಿದೆರಡು ಊರಿನವರು ತಮ್ಮ ರಸ್ತೆ ಚೆನ್ನಾಗಿದೆ ಎಂದುಕೊಂಡಾರು. ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಅದರ ಎದುರಿಗೇ ರಸ್ತೆಯ ಅಂಚಿನಲ್ಲಿ ಒಂದು ಗುಂಡಿ. ರವಿಕೆಯ ಅಳತೆ ಕೊಡಲು ಬರುವ ಹೆಂಗಸರು ಸೀರೆ ಎತ್ತಿಕೊಂಡು ಅದನ್ನು ದಾಟಿಯೇ ಒಳಗೆ ಬರಬೇಕು.

ನನ್ನ ಗಂಡ ಕೊನೆಗಾರ. ಅಡಿಕೆ ಮರ ಹತ್ತಿ ಗೊನೆ ಇಳಿಸುವುದು, ಮಳೆಗಾಲದಲ್ಲಿ ಔಷಧಿ ಹೊಡೆಯುವುದು ಅವರ ಕೆಲಸ. ಒಂದು ಮರದ ತುದಿಗೆ ಹೋದರೆ ಇಳಿಯುವ ಮಾತಿಲ್ಲ. ಪಕ್ಕದ ಮರವನ್ನು ಎಳೆದುಕೊಂಡು ಅದಕ್ಕೆ ದಾಟುತ್ತಿದ್ದರು. ಅಂಥವರು ಈಗ ಎಲ್ಲಿದ್ದಾರೆ? ಭಂಡಿಗಡಿಯಿಂದ ಅಡ್ಡಗದ್ದೆಯವರೆಗೆ ತೋಟದವರು ಸೀಸನ್ನಿಗೆ ಎಷ್ಟೋ ಮೊದಲೇ ಮನೆಗೆ ಬಂದು ಹೇಳಿಹೋಗುತ್ತಿದ್ದರು. ನಮ್ಮ ಸಂಸಾರ ನಿಂತದ್ದೇ ಅವರ ಎರಡು ಪಾದದ ಮೇಲೆ. ನನ್ನ ಹೊಲಿಗೆ ಉಪ್ಪು, ಮೆಣಸಿಗೆ ಸರಿ.

ಗುಂಡಿಯ ವಿಷಯ ಪಟ್ಟಣ ಪಂಚಾಯಿತಿಗೆ ಹೇಳಿ ಹೇಳಿ ನನ್ನ ಬಾಯಿಯ ಪಸೆ ಆರಿತ್ತು. ನಮ್ಮ ವಾರ್ಡಿನ ಮೆಂಬರು ಸಿಕ್ಕಾಗಲೆಲ್ಲ, "ಅನುದಾನ ಬಂದಿಲ್ಲ ಮಾರಾಯ್ತಿ, ಬಂದ ಕೂಡ್ಲೆ ನಿಂದೇ ಮೊದ್ಲು" ಎನ್ನುತ್ತಿದ್ದರು. ಕೊನೆಗೆ ಪಕ್ಕದ ಹಣ್ಣಿನಂಗಡಿಯ ಸಾಬರು, ನಾವೆಲ್ಲ ಕಾಕಾ ಎಂದು ಕರೆಯುವ ಹಿರಿಯರು, ತಾವೇ ಮುಂದೆ ನಿಂತು ಪಿಕಪ್ಪಿನಲ್ಲಿ ಅಡಿಕೆ ಸಿಪ್ಪೆ ತರಿಸಿ ಗುಂಡಿಗೆ ಸುರಿಸಿದರು. ಹೊರಗಿನವರು ನಗಬಹುದು. ಆದರೆ ಜಾರುವ ದಾರಿ ಕಂಡರೆ ನಮ್ಮ ಕಡೆಯವರ ಕೈ ಹೋಗುವುದೇ ಸಿಪ್ಪೆಗೆ. ಅಂಗಳಕ್ಕೆ, ಕೊಟ್ಟಿಗೆಯ ಬಾಗಿಲಿಗೆ, ತೋಟಕ್ಕಿಳಿಯುವ ದಾರಿಗೆ ಅದನ್ನೇ ಹಾಸುತ್ತೇವೆ. ಮಣ್ಣಿನ ಮೇಲೆ ಅದು ಕಚ್ಚಿಕೊಂಡು ಕೂರುತ್ತದೆ. ಡಾಂಬರಿನ ಗುಂಡಿಯಲ್ಲಿ ನೀರು ಇಂಗದೆ ಸಿಪ್ಪೆ ಕೊಳೆಯುತ್ತದೆ ಎಂಬುದು ಬೀದಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಬಿಸಿಲಿಗೆ ಒಣಗಿ, ಗಾಡಿಗಳ ಚಕ್ರಕ್ಕೆ ಸಿಕ್ಕಿ ಅದು ರಸ್ತೆಗೆ ಸಮನಾದಾಗ ಎಲ್ಲರೂ ಕಾಕಾನನ್ನು ಹೊಗಳಿದ್ದೇ ಹೊಗಳಿದ್ದು.

ಮಾರ್ಚ್ ಕೊನೆಗೆ ಅನುದಾನ ಬಂತು. ಗುಂಡಿಗಲ್ಲ, ಪಾರ್ಕಿಂಗಿಗೆ. ವರ್ಷ ಮುಗಿಯುವುದರೊಳಗೆ ಬಿಲ್ ಆಗಬೇಕಂತೆ, ಅವಸರವೋ ಅವಸರ. ರಸ್ತೆಯ ಅಂಚಿಗೆ ಬಿಳಿ ಬಣ್ಣದ ಗೆರೆ ಎಳೆಯುತ್ತಾ ಬಂದವರು ನನ್ನ ಅಂಗಡಿಯ ಮುಂದೆ ಸಿಪ್ಪೆಯ ಮೇಲೂ ಎಳೆದರು.

"ಏ ಮಾರಾಯ, ಅದು ಸಿಪ್ಪೆ, ರಸ್ತೆ ಅಲ್ಲ" ಎಂದೆ ಒಳಗಿನಿಂದಲೇ.

"ನಮ್ಗೆ ಆ ಕಂಬದ ತನಕ ಎಳೀರಿ ಅಂತ ಹೇಳಿದಾರೆ ಅಕ್ಕ" ಎಂದ ಬಣ್ಣದವನು. ಬೈಕುಗಳು ಗೆರೆಯೊಳಗೇ ನಿಲ್ಲಬೇಕು, ಹೊರಗೆ ನಿಂತರೆ ದಂಡ ಎಂಬ ಬೋರ್ಡೂ ಬಂತು.

ಮಳೆಗಾಲಕ್ಕೆ ಮೊದಲು ಬರುವ ಅಡ್ಡಮಳೆ ಶುರುವಾದ ವಾರ, ಇವರು ಔಷಧಿ ಹೊಡೆಯುವ ಪಂಪನ್ನು ರಿಪೇರಿಗೆಂದು ಬೈಕಿಗೆ ಕಟ್ಟಿಕೊಂಡು ಪೇಟೆಗೆ ಬಂದರು. ಕಂಡಲ್ಲಿ ಗಾಡಿ ನಿಲ್ಲಿಸುವ ಮನುಷ್ಯ. ಅವತ್ತು ಏನು ಬುದ್ಧಿ ಬಂತೋ, ಬೋರ್ಡು ನೋಡಿ ನೆಟ್ಟಗೆ ಗೆರೆಯೊಳಗೆ ತಂದರು. ಎಡಗಾಲು ಊರಿದ್ದು ಕೊಳೆತ ಸಿಪ್ಪೆಯ ಮೇಲೆ. ಗೇಣುದ್ದ ಒಳಗಿಳಿದು ಕಾಲು ಸಿಕ್ಕಿಕೊಂಡಿತು; ಬೈಕೂ ಪಂಪೂ ಅದರ ಮೇಲೆ ಉರುಳಿದವು. ನಾನು ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಓಡಿದೆ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಪಾದದ ಗಂಟಿಗೆ ರಾಡು ಹಾಕಿದರು. "ನಡೀಬಹುದು. ಮರ ಹತ್ತೋದು ಮಾತ್ರ ಮರ್ತುಬಿಡಿ" ಎಂದರು ಡಾಕ್ಟರು. ಇವರು ಗೋಡೆಯ ಕಡೆ ತಿರುಗಿ ಮಲಗಿದವರು ಊಟಕ್ಕೂ ಏಳಲಿಲ್ಲ. ಕಾಕಾ ಮೂಸಂಬಿ ಹಿಡಿದುಕೊಂಡು ಬಂದು ಕಾಲ ದೆಸೆಯಲ್ಲಿ ನಿಂತು, "ಒಳ್ಳೇದಾಗ್ಲಿ ಅಂತ ಹಾಕ್ಸಿದ್ದು ತಂಗಿ" ಎಂದು ಕಣ್ಣೊರೆಸಿಕೊಂಡರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಂದ ಸಿಟ್ಟನ್ನೆಲ್ಲ ಪಂಚಾಯಿತಿಗೆ ಹೊತ್ತುಕೊಂಡು ಹೋದೆ.

ಅಲ್ಲಿನ ಇಂಜಿನಿಯರು ನನ್ನನ್ನು ಕೂರಿಸಿ ನಿಧಾನವಾಗಿ ಬಿಡಿಸಿ ಹೇಳಿದರು. "ಆ ಗುಂಡಿ ಅರ್ಧ ನಮ್ದು, ಅರ್ಧ ಬೇರೆ ಇಲಾಖೇದು ಅಮ್ಮ. ರಿಪೇರಿ ಹೆಡ್ಡಲ್ಲಿ ದುಡ್ಡಿಲ್ಲ. ಬಂದಿದ್ದು ಪಾರ್ಕಿಂಗ್ ಹೆಡ್ಡಿಗೆ. ಆ ಹೆಡ್ಡಿನದ್ದು ಈ ಹೆಡ್ಡಿಗೆ ಹಾಕೋ ಹಾಗಿಲ್ಲ."

"ಹೆಡ್ಡು ಅಂದ್ರೆ ತಲೆ ಅಲ್ವಾ ಸ್ವಾಮಿ? ನನ್ನ ಗಂಡಂಗೆ ಹೋಗಿದ್ದು ಕಾಲು. ಕಾಲಿಗೆ ಯಾವ ಹೆಡ್ಡಲ್ಲಿ ಇಟ್ಟಿದೀರಿ ಹೇಳಿ" ಎಂದೆ.

ಪಕ್ಕದ ಮೇಜಿನ ಗುಮಾಸ್ತ ಕಿಸಕ್ಕನೆ ನಕ್ಕ. ನನಗೆ ಮೈಯೆಲ್ಲ ಉರಿಯಿತು. ನಿಮ್ಮ ಗೆರೆಗೆ ಬೆಂಕಿ ಬೀಳ ಎಂದು ಶಾಪ ಹಾಕಿ ಎದ್ದುಬಂದೆ. ಬೈದರೆ ಕಾಲು ಬರುವುದಿಲ್ಲ ಎಂದು ನನಗೂ ಗೊತ್ತಿತ್ತು.

ಅಡಿಕೆ ಕೊಯ್ಲು ಶುರುವಾಯಿತು. ತೋಟದವರು ಯಾರೂ ಹೇಳಿಹೋಗಲು ಬರಲಿಲ್ಲ. ಬೆಳಗ್ಗೆ ಎದ್ದು ಇವರು ಅಭ್ಯಾಸಬಲದಿಂದ ಕತ್ತಿ ಮಸೆಯುತ್ತಿದ್ದರು, ಮಸೆದು ಮತ್ತೆ ಸಿಕ್ಕಿಸಿಡುತ್ತಿದ್ದರು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಮನೆಗೆ ಬಂದವರೆಂದರೆ ಪಾರ್ಕಿಂಗಿಗೆ ಹೊಸದಾಗಿ ಹಾಕಿದ ಶುಲ್ಕದ ವಸೂಲಿ ಗುತ್ತಿಗೆ ಹಿಡಿದವರು ಮಾತ್ರ. "ಕೂತ್ಕೊಂಡು ಚೀಟಿ ಹರಿದುಕೊಡೋ ಕೆಲ್ಸ. ಕಾಲಿಗೇನೂ ತ್ರಾಸಿಲ್ಲ" ಎಂದರು. ಆ ಗೆರೆಯ ಅನ್ನ ನಮಗೆ ಬೇಡವೇ ಬೇಡ ಎಂದು ನಾನು ಹಾರಾಡಿದೆ. ಇವರು ಗೋಡೆ ಹಿಡಿದು ಮೆಲ್ಲಗೆ ಎದ್ದು ನಿಂತರು.

"ಮರ ಹತ್ತಕ್ಕಾಗಲ್ಲ. ಕೂರಕ್ಕಾಗುತ್ತೆ" ಎಂದರು, ಅಷ್ಟೇ.

ಕೆಲಸದ ಮೊದಲ ದಿನ ನಾನು ಅಂಗಡಿ ಬಾಗಿಲು ತೆಗೆಯಲು ಹೋದಾಗ ಇವರು ಆಗಲೇ ಬಂದಿದ್ದರು. ಗುಂಡಿಯ ಮೇಲೆ ಅಡ್ಡಕ್ಕೆ ಒಂದು ಹಲಗೆ ಇಟ್ಟು, ಹಲಗೆಯ ಮೇಲೆ ಸ್ಟೂಲು ಹಾಕಿ, ಎಡಗಾಲು ಮುಂದಕ್ಕೆ ಚಾಚಿ ಬಿಸಿಲಲ್ಲಿ ಕೂತಿದ್ದರು.

"ನಮ್ಮ ಜಗಲಿಯಲ್ಲಿ ನೆರಳಿದೆಯಲ್ಲ, ಇಲ್ಲಿ ಬಂದು ಕೂತ್ಕೊಳ್ಳಿ" ಎಂದೆ.

"ನಾನು ಇಲ್ಲಿಂದ ಎದ್ರೆ ಯಾರಾದ್ರೂ ಗಾಡಿ ತಂದು ನಿಲ್ಲಿಸ್ತಾರೆ ಮಾರಾಯ್ತಿ" ಎಂದರು.