ಅಕ್ಕೋರು ಟ್ರಸ್ಟಿ ಆಗೆಂದಾಗ

ಮೊನ್ನೆ ಸೊಸೆ ಟ್ರಂಕು ತೆಗೆದಳು. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಪಕ್ಕದ ಮನೆಯ ಅಕ್ಕೋರ ಸೀರೆಗಳಿಗೂ ಇದೇ ವಾಸನೆ ಇರುತ್ತಿತ್ತು...

ಗೋಪನಕೊಪ್ಪದಲ್ಲಿ ನಮ್ಮದೂ ಅವರದೂ ಒಂದೇ ಗೋಡೆ. ಮಿಶನ್ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಮದುವೆಯಾಗಲಿಲ್ಲ. ಜೊತೆಗೆ ಒಬ್ಬ ತಂಗಿ. ವಯಸ್ಸು ಐವತ್ತಾದರೂ ಬುದ್ಧಿ ಐದು ವರ್ಷದ್ದು. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಸಂಜೆ ಕೂರಿಸಿಕೊಂಡು ಪೇಪರ್ ಓದಿಸಿದವರು ಅಕ್ಕೋರೇ. "ತಿಳೀಲಾರದ ಕಾಗದಕ್ಕ ಸಹಿ ಹಾಕಬ್ಯಾಡ, ಯಾರ ಹೇಳಿದರೂ," ಎಂದವರೂ ಅವರೇ.

ತಾವು ಹೋದ ಮೇಲೂ ತಂಗಿ ಅದೇ ಮನೆಯಲ್ಲಿರಬೇಕು, ಅದೊಂದೇ ಅವರ ಚಿಂತೆ. ಅವರ ಅಣ್ಣನ ಮಗನಿಗೆ ಆ ಮನೆಯ ಮೇಲೆ ಕಣ್ಣಿತ್ತು. ವಕೀಲರು ಹೇಳಿದ್ದನ್ನು ಅಕ್ಕೋರು ನೋಟಬುಕ್ಕಿನಲ್ಲಿ ನಡುವೆ ಗೆರೆ ಎಳೆದು ಬರೆದಿದ್ದರು. ನನಗೂ ಓದಿ ಹೇಳಿದರು. ಮೃತ್ಯುಪತ್ರವಾದರೆ ಖರ್ಚು ಕಡಿಮೆ, ಸಾಯುವತನಕ ಮನೆ ತಮ್ಮದೇ, ಬೇಡವಾದರೆ ಬದಲಿಸಬಹುದು. ಆದರೆ ಸತ್ತ ಮೇಲೆ ತಕರಾರು ತೆಗೆದರೆ ಉತ್ತರ ಕೊಡಲು ತಾವಿರುವುದಿಲ್ಲ. ಬದುಕಿರುವಾಗಲೇ ಟ್ರಸ್ಟ್ ಮಾಡಿ ಮನೆಯನ್ನು ಅದಕ್ಕೆ ಬರೆದುಕೊಟ್ಟರೆ, ತಾವು ಹಾಸಿಗೆ ಹಿಡಿದರೂ ಇನ್ನೊಬ್ಬ ಟ್ರಸ್ಟಿ ಮನೆಯನ್ನೂ ತಂಗಿಯನ್ನೂ ನೋಡಿಕೊಳ್ಳಬಹುದು. ಆದರೆ ಮನೆ ತಮ್ಮ ಹೆಸರಿನಲ್ಲಿ ಉಳಿಯುವುದಿಲ್ಲ.

"ಅಂದರ ನಿಮ್ಮ ಮನ್ಯಾಗ ನೀವ ಬಾಡಿಗಿದಾರ ಆದಂಗಾತಲ್ರಿ," ಎಂದೆ.

"ಬಾಡಿಗಿ ಕೇಳಾಕ ನೀ ಬರ್ತೀಯೇನು?" ಎಂದು ನಕ್ಕರು. ಆಮೇಲೆ, "ನನ್ನ ಜೋಡಿ ನೀನೂ ಟ್ರಸ್ಟಿ ಆಗು. ನನ್ನ ಬಿಟ್ಟರ ಆಕಿ ಉಣ್ಣೂದು ನಿನ್ನ ಕೈಲೆ ಅಷ್ಟ," ಎಂದರು.

"ಆ ಕೋರ್ಟಿನ ಕನ್ನಡ ನನಗ ತಿಳಿಯೂದಿಲ್ರಿ. ತಿಳೀಲಾರದ್ದಕ್ಕ ಸಹಿ ಹಾಕೂದಿಲ್ಲ. ನೀವ ಕಲಿಸೀರಿ."

ಅಕ್ಕೋರು ನೋಟಬುಕ್ಕು ಮುಚ್ಚಿದರು. ಮತ್ತೆ ಕೇಳಲಿಲ್ಲ. ಟ್ರಸ್ಟ್ ಬಿಟ್ಟು, ಮನೆ ತಂಗಿಗೆಂದು ಮೃತ್ಯುಪತ್ರ ಬರೆದಿಟ್ಟರು...

ಅವರು ತೀರಿಕೊಂಡ ತಿಂಗಳಲ್ಲೇ ಅಣ್ಣನ ಮಗ ಅದು ಸುಳ್ಳು ಪತ್ರವೆಂದು ಕೋರ್ಟಿಗೆ ಹೋದ. ಮನೆಗೆ ಬೀಗ ಜಡಿದ. ಅಕ್ಕೋರ ತಂಗಿಯನ್ನು ಗಬ್ಬೂರಿನ ಕಡೆ ಒಂದು ಆಶ್ರಮಕ್ಕೆ ಬಿಟ್ಟ. ಅವಳನ್ನು ಕರೆದೊಯ್ಯುವಾಗ ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ.

"ನೀವ್ಯಾರ್ರಿ ಕೇಳಾಕ? ಯಾವ ಕಾಗದದಾಗ ಐತಿ ನಿಮ್ಮ ಹೆಸರು?" ಎಂದ.

ಯಾವುದರಲ್ಲೂ ಇರಲಿಲ್ಲ. ಟ್ರಸ್ಟ್ ಆಗಿದ್ದರೂ ಅವನು ಕೋರ್ಟಿಗೆ ಹೋಗುತ್ತಿದ್ದನೇನೋ. ಆದರೆ ನಾನು ಅಡ್ಡ ನಿಂತದ್ದಕ್ಕೆ ಒಂದು ಅರ್ಥವಿರುತ್ತಿತ್ತು.

ಕೇಸು ಇನ್ನೂ ನಡೆದಿದೆ. ಅಕ್ಕ ಸತ್ತದ್ದು ತಂಗಿಯ ತಲೆಗೆ ಹೋಗಿಲ್ಲ. ನಾನು ಹೋದಾಗಲೆಲ್ಲ ಚಪ್ಪಲಿ ಮೆಟ್ಟಿಕೊಂಡು ನನಗಿಂತ ಮುಂದೆ ಗೇಟಿಗೆ ಹೋಗಿ ನಿಲ್ಲುತ್ತಾಳೆ. "ಮನಿಗೆ ಹೋಗೂಣು ನಡಿ. ಅಕ್ಕ ಬೈತಾಳ."

ತಂದು ಬಿಟ್ಟವನೇ ಬಂದು ಕರೆದೊಯ್ಯಬೇಕಂತೆ, ಅದು ಆಶ್ರಮದ ಕಾನೂನು. ಬೈಯುವ ಅಕ್ಕೋರಂತೂ ಇಲ್ಲ. ಅವಳ ಚಪ್ಪಲಿ ಬಿಡಿಸಿ, ಎರಡು ತುತ್ತು ಉಣ್ಣಿಸಿ, ಅವಳು ಆಚೆ ನೋಡುವಾಗ ಎದ್ದು ಬರುತ್ತೇನೆ.