ಕೇಕ್ ಅಚ್ಚಿನ ಬೆಳಕಿನಲ್ಲಿ ಕಂಡ ಕಣ್ಣು

ಕೋವಿಡ್ ಲಾಕ್‌ಡೌನ್‌ಗಳೆಲ್ಲ ಮುಗಿದು ಶಾಲೆಗಳು ಪೂರ್ತಿ ತೆರೆದುಕೊಂಡ ವರ್ಷ ಅದು. ಬೆಂಗಳೂರು ದಂಡು ಪ್ರದೇಶದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ನಾನು ಆಕ್ಯುಲರಿಸ್ಟ್ ಆಗಿದ್ದೆ, ಅಂದರೆ ಕೃತಕ ಕಣ್ಣು ಮಾಡುವವಳು. ಈ ಕೆಲಸದ ಹೆಸರು ಹೇಳಿದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: "ಅದರಲ್ಲಿ ಕಾಣಿಸುತ್ತಾ?" ಕಾಣಿಸುವುದಿಲ್ಲ. ಅದು ಗೋಲಿಯ ಹಾಗೆ ದುಂಡಗೂ ಇರುವುದಿಲ್ಲ. ರೆಪ್ಪೆಗಳ ಹಿಂದೆ ಕೂರುವ, ಅಕ್ರಿಲಿಕ್‌ನಿಂದ ಮಾಡಿದ ಒಂದು ಬಾಗಿದ ಚಿಪ್ಪು ಅದು. ಬಿಳಿ ಭಾಗದಲ್ಲಿ ರಕ್ತನಾಳಗಳಿಗಾಗಿ ಕೆಂಪು ದಾರದ ಎಳೆಗಳನ್ನು ಕೂರಿಸುತ್ತೇವೆ. ನಡುವಿನ ಬಣ್ಣದ ಬಿಲ್ಲೆಯನ್ನು, ಅಂದರೆ ಐರಿಸ್ ಅನ್ನು, ಕುಂಚ ಹಿಡಿದು ಕೈಯಲ್ಲೇ ಬರೆಯುತ್ತೇವೆ. ರೋಗಿಯನ್ನು ಕಿಟಕಿಯ ಬಳಿ ಕೂರಿಸಿಕೊಂಡು, ಉಳಿದ ಕಣ್ಣನ್ನು ನೋಡುತ್ತ ನೋಡುತ್ತ ಬರೆಯುವುದು ವಾಡಿಕೆ. ನನ್ನ ಸರ್ವೀಸಿನಲ್ಲಿ ಬಂದದ್ದೆಲ್ಲ ಹೆಚ್ಚಾಗಿ ಕಪ್ಪು, ಕಂದು ಕಣ್ಣುಗಳೇ. ಅದಕ್ಕೆ ನನ್ನ ಕೈ ಚೆನ್ನಾಗಿ ಪಳಗಿತ್ತು.

ಆ ಬೇಸಿಗೆಯಲ್ಲಿ ಶಬಾನಾ ಬಂದರು. ಮನೆ ಫ್ರೇಜರ್ ಟೌನಿನಲ್ಲಿ. ಶಿವಾಜಿನಗರದ ಒಂದು ಪುಟ್ಟ ಶಾಲೆಯಲ್ಲಿ ನರ್ಸರಿ ಟೀಚರ್. ಆಟೋ ಅಪಘಾತದಲ್ಲಿ ಗಾಜು ಚುಚ್ಚಿ ಬಲಗಣ್ಣು ಹೋಗಿತ್ತು. ಗಾಯ ಮಾಗಿದ ಮೇಲೆ ಒಮ್ಮೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಶಾಲೆಗೆ ಹೋಗಿದ್ದರಂತೆ. ದಿನಾ ತೊಡೆಯೇರಿ ಕೂರುತ್ತಿದ್ದ ಮಕ್ಕಳು ಇವರನ್ನು ಕಂಡು ಆಯಾಳ ಹಿಂದೆ ಅವಿತುಕೊಂಡು ಅತ್ತುಬಿಟ್ಟರಂತೆ.

"ಜೂನ್‌ಗೆ ಸ್ಕೂಲ್ ಶುರುವಾಗುತ್ತೆ ಮೇಡಂ," ಎಂದರು ಶಬಾನಾ. "ಇನ್ನೊಂದ್ಸಲ ಮಕ್ಳು ನನ್ ಮುಖ ನೋಡಿ ಅತ್ರೆ ನಾನು ಈ ಕೆಲ್ಸ ಬಿಟ್ಬಿಡ್ತೀನಿ. ನಂಗೆ ಬೇರೆ ಏನೂ ಬರಲ್ಲ."

ಅವರ ಎಡಗಣ್ಣಿಗೆ ಟಾರ್ಚ್ ಹಿಡಿದು ನೋಡಿದರೆ ಅದು ಕಪ್ಪೂ ಅಲ್ಲ, ಕಂದೂ ಅಲ್ಲ. ನಾವು ಬೆಕ್ಕಿನ ಕಣ್ಣು ಅನ್ನುತ್ತೇವಲ್ಲ, ಆ ಬಗೆಯದು. ಹಸಿರೆಂದರೆ ಹಸಿರು, ಜೇನಿನ ಬಣ್ಣವೆಂದರೆ ಜೇನಿನ ಬಣ್ಣ. ಕಿಟಕಿಯ ಪರದೆ ಅಲುಗಿದರೆ ಸಾಕು, ಬಣ್ಣವೇ ಬೇರೆಯಾಗುತ್ತಿತ್ತು. ಅಪಘಾತದ ನಂತರ ಆ ಕಣ್ಣು ಬೆಳಕನ್ನೂ ತಾಳುತ್ತಿರಲಿಲ್ಲ. ಕಿಟಕಿಯ ಬಳಿ ಕೂರಿಸಿದರೆ ನೀರು ಸುರಿಯುತ್ತಿತ್ತು. ನೋಡಿಕೊಂಡು ಬರೆಯುವುದು ಆಗದ ಮಾತು. ಫೋಟೋ ಬೇಕು, ಅದೂ ಐರಿಸ್‌ನ ಒಂದೊಂದು ಎಳೆಯೂ ಕಾಣುವಂಥದ್ದು.

ರೆಟಿನಾದ ಫೋಟೋ ತೆಗೆಯುತ್ತಿದ್ದ ಸೆಲ್ವರಾಜ್ ನನ್ನ ಹಳೆಯ ಸಹೋದ್ಯೋಗಿ, ಹಲಸೂರಿನವನು, ಕ್ಯಾಮೆರಾ ಹುಚ್ಚಿನವನು. ಅವನ ಸ್ವಂತದ್ದೊಂದು ಮ್ಯಾಕ್ರೋ ಲೆನ್ಸ್ ಇತ್ತು. ಚಿಕ್ಕ ವಸ್ತುವನ್ನು ದೊಡ್ಡದಾಗಿ ತೋರಿಸುವ ಲೆನ್ಸ್. ಕ್ಯಾಮೆರಾದ ಮೇಲಿನ ಮಾಮೂಲಿ ಫ್ಲಾಶ್‌ನಲ್ಲಿ ತೆಗೆದರೆ ರೆಪ್ಪೆಯ ನೆರಳು ಕಣ್ಣಿನ ಅರ್ಧಕ್ಕೆ ಬೀಳುತ್ತಿತ್ತು. ಅದಕ್ಕೇ ಇರುವುದು ರಿಂಗ್ ಫ್ಲಾಶ್. ಲೆನ್ಸ್‌ನ ಸುತ್ತ ಬಳೆಯ ಹಾಗೆ ಕೂತು, ಎಲ್ಲ ಕಡೆಯಿಂದ ಸಮನಾಗಿ ಬೆಳಕು ಚೆಲ್ಲಿ, ನೆರಳನ್ನೇ ಇಲ್ಲವಾಗಿಸುತ್ತದೆ. ಆದರೆ ಆಸ್ಪತ್ರೆಯಲ್ಲಿ ಅದಕ್ಕೆ ಖರೀದಿ ಇಂಡೆಂಟ್ ಹಾಕಿದರೆ ಬರುವಷ್ಟರಲ್ಲಿ ದಸರಾ ರಜೆಯೇ ಬಂದಿರುತ್ತಿತ್ತು.

"ಮೇಡಂ, ನಾವೇ ಮಾಡ್ಬಿಡೋಣ," ಎಂದ ಸೆಲ್ವರಾಜ್. "ದುಂಡಗೆ ಇರ್ಬೇಕು, ಮಧ್ಯ ತೂತಿರ್ಬೇಕು. ಅಷ್ಟೇ ತಾನೆ?"

ಅಂಥದ್ದು ಅಡುಗೆಮನೆಯಲ್ಲೇ ಇರುತ್ತದೆ ಎಂದು ನನಗೆ ಹೊಳೆಯಿತು. ಶಿವಾಜಿನಗರದ ಪಾತ್ರೆ ಅಂಗಡಿಗೆ ಹೋಗಿ, ನಡುವೆ ಕೊಳವೆಯಿರುವ ಅಲ್ಯೂಮಿನಿಯಂ ಕೇಕ್ ಅಚ್ಚನ್ನು ಕೇಳಿದೆ. ಒಂದೊಂದು ಅಚ್ಚಿನ ಕೊಳವೆಯೊಳಗೂ ಕೈ ತೂರಿಸಿ ನೋಡುತ್ತಿದ್ದ ನನ್ನನ್ನು ಅಂಗಡಿಯವರು ವಿಚಿತ್ರವಾಗಿ ನೋಡಿ, "ಕೇಕ್ ಎಷ್ಟು ಕೆಜಿದು ಮೇಡಂ?" ಎಂದು ಕೇಳಿದರು. ಕೇಕಿಗಲ್ಲ, ಕಣ್ಣಿಗೆ ಎಂದೆ. ಅವರು ಅವಸರವಾಗಿ ಕವರಿಗೆ ಹಾಕಿಕೊಟ್ಟರು.

ಮೊದಲ ಪ್ರಯತ್ನ ದಂಡವಾಯಿತು. ಅಚ್ಚಿನೊಳಗೆ ಸುತ್ತಲೂ ಎಲ್‌ಇಡಿ ಪಟ್ಟಿ ಅಂಟಿಸಿ ಸ್ವಿಚ್ ಹಾಕಿದ್ದೇ ತಡ, ಶಬಾನಾ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. ತೆರೆದಾಗ ನೀರು. ಪಾಪೆ, ಅಂದರೆ ನಡುವಿನ ಕಪ್ಪು ವೃತ್ತ, ಸಾಸಿವೆಯಷ್ಟು ಕುಗ್ಗಿಹೋಗಿತ್ತು.

"ಉರೀತಾನೇ ಇರೋ ಲೈಟ್ ಆಗಲ್ಲ ಮೇಡಂ," ಎಂದ ಸೆಲ್ವರಾಜ್. "ಫ್ಲಾಶೇ ಬೇಕು. ಬೆಳಕು ಬಂತು ಅಂತ ಕಣ್ಣಿಗೆ ಗೊತ್ತಾಗೋ ಮುಂಚೆನೇ ಹೋಗಿರುತ್ತೆ."

ಪಟ್ಟಿ ಕಿತ್ತು ಹಾಕಿದೆವು. ತಗಡು ಕತ್ತರಿಯಿಂದ ಅಚ್ಚಿನ ಪಕ್ಕೆಯಲ್ಲಿ ಒಂದು ಚೌಕ ಕೊರೆದು ಅಲ್ಲಿ ಫ್ಲಾಶ್‌ನ ತಲೆ ತೂರಿಸಿದೆವು. ಕೊಳವೆಯನ್ನು ಲೆನ್ಸ್ ಹಿಡಿಸುವಷ್ಟು ಅಗಲ ಮಾಡಿ, ಕೈ ಕೊಯ್ಯದಂತೆ ಅಂಚಿಗೆ ಟೇಪ್ ಸುತ್ತಿದೆವು. ಒಳಗೆಲ್ಲ ಅಡುಗೆಯ ಫಾಯಿಲ್, ಬಾಯಿಗೆ ಬಟರ್ ಪೇಪರ್. ಮೊದಲು ನನ್ನ ಮುಖದ ಫೋಟೋವನ್ನೇ ತೆಗೆದು ನೋಡಿದರೆ ಒಂದು ಕೆನ್ನೆ ಹುಣ್ಣಿಮೆ, ಇನ್ನೊಂದು ಅಮಾವಾಸ್ಯೆ. ಫ್ಲಾಶ್ ಇರುವ ಬದಿಯಲ್ಲೇ ಬೆಳಕೆಲ್ಲ ಸುರಿದುಹೋಗುತ್ತಿತ್ತು. ಆ ಬದಿಗೆ ಬಟರ್ ಪೇಪರನ್ನು ಮಡಿಕೆ ಮಡಿಕೆಯಾಗಿ ಹೆಚ್ಚಿಸುತ್ತ, ಎದುರು ಬದಿಗೆ ಒಂದೇ ಪದರ ಬಿಟ್ಟೆವು. ಉಂಗುರ ಪೂರ್ತಿ ಒಂದೇ ಸಮ ಬೆಳಗಿತು. ಫ್ಲಾಶ್‌ನ ಶಕ್ತಿಯನ್ನು ತೀರಾ ಕೆಳಕ್ಕಿಳಿಸಿ, ನಮ್ಮ ಡಾಕ್ಟರಿಗೆ ತೋರಿಸಿ ಒಪ್ಪಿಗೆ ಪಡೆದೆವು.

ಇನ್ನೊಂದು ತೊಡಕು ಉಳಿದಿತ್ತು. ಕಣ್ಣು ಕನ್ನಡಿಯಿದ್ದಂತೆ, ಉಂಗುರದ ಬಿಳಿ ಪ್ರತಿಬಿಂಬ ಸರಿಯಾಗಿ ಐರಿಸ್‌ನ ಮೇಲೇ ಕೂತಿತು. ಸೆಲ್ವರಾಜ್ ಕ್ಯಾಮೆರಾವನ್ನು ಹಿಂದಕ್ಕೆ ಸರಿಸಿದಷ್ಟೂ ಪ್ರತಿಬಿಂಬ ಚಿಕ್ಕದಾಗುತ್ತ ಹೋಯಿತು. ನಾನು ಕಿಟಕಿಯ ಪರದೆ ಎಳೆದು ಕೋಣೆಯನ್ನು ಮಬ್ಬು ಮಾಡಿದಾಗ ಶಬಾನಾ ಅವರ ಪಾಪೆ ನಿಧಾನವಾಗಿ ಅರಳಿತು. ಆ ಬಿಳಿ ಉಂಗುರ ಪಾಪೆಯ ಕಪ್ಪಿನೊಳಗೆ ಹೋಗಿ ಕೂತ ಕ್ಷಣ ಸೆಲ್ವರಾಜ್ ಗುಂಡಿ ಒತ್ತಿದ.

ಕಂಪ್ಯೂಟರ್ ಪರದೆಯ ಮೇಲೆ ಚಿತ್ರ ಮೂಡಿದಾಗ ಮೂವರೂ ಮುಂದಕ್ಕೆ ಬಾಗಿದೆವು. ಅಷ್ಟು ವರ್ಷ ಕಣ್ಣುಗಳನ್ನೇ ನೋಡಿಕೊಂಡು ಬಂದ ನಾನು ಕಣ್ಣನ್ನು ನೋಡಿಯೇ ಇರಲಿಲ್ಲ ಅನ್ನಿಸಿತು. ತಿಳಿ ಹಸಿರಿನ ನೆಲ, ಅದರ ಮೇಲೆ ಪಾಪೆಯಿಂದ ಅಂಚಿನವರೆಗೆ ಜೇನುಬಣ್ಣದ ಎಳೆಗಳು, ಒಣಗಲು ಹರವಿದ ಶಾವಿಗೆಯ ಹಾಗೆ. ಎಳೆಗಳ ನಡುವೆ ಸಣ್ಣ ಸಣ್ಣ ಕುಳಿಗಳು, ಕುಳಿಗಳ ತಳದಲ್ಲಿ ಇನ್ನೂ ಕೆಳಗಿನ ಎಳೆಗಳು. ಕೆಳಭಾಗದಲ್ಲಿ, ಮೂಗಿನ ಕಡೆಗೆ, ಒಂದು ತುಂಡು ಗಾಢ ಕಂದು. ಇಷ್ಟೆಲ್ಲ ಒಂದು ಅಂಗಿಗುಂಡಿಯಷ್ಟು ಜಾಗದಲ್ಲಿ. ಶಬಾನಾ, "ಇದು ನಂದಾ?" ಎಂದು ಮೆಲ್ಲಗೆ ಕೇಳಿದರು.

ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ. ಎಡಗಣ್ಣಿನ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದರೆ ಬಲಗಣ್ಣು ಎಂದು ಲೆಕ್ಕ. ಎರಡು ಕಣ್ಣು ಜೋಡಿ ಎನ್ನುವುದನ್ನು ಯಾರೂ ಪ್ರಶ್ನಿಸುವುದಿಲ್ಲ. ಹಾಗೆಯೇ ತಿರುಗಿಸಿ, ಆ ಕಂದು ತುಂಡನ್ನೂ ಮೂಗಿನ ಕಡೆಗೇ ಬರೆದು, ಪದರದ ಮೇಲೆ ಪದರ ಬಣ್ಣ ಹಚ್ಚಿ ಮುಗಿಸಿದೆ. ನಾನು ಅಷ್ಟು ಚೆನ್ನಾಗಿ ಬರೆದದ್ದೇ ಇಲ್ಲ. ಶಬಾನಾಗೆ ತೊಡಿಸಿ, ಹೆಮ್ಮೆಯಿಂದ ಕನ್ನಡಿ ಕೈಗೆ ಕೊಟ್ಟೆ.

ಅವರು ಬಹಳ ಹೊತ್ತು ನೋಡಿದರು. "ತುಂಬಾ ಚೆನ್ನಾಗಿದೆ ಮೇಡಂ. ಆದ್ರೆ ಈ ಬ್ರೌನ್ ಕಲೆ ಎಡಗಣ್ಣಲ್ಲಿ ಮಾತ್ರ ಇತ್ತು. ಮಿಸ್ ಕಣ್ಣಲ್ಲಿ ಚಾಕೊಲೇಟ್ ಬಿದ್ದಿದೆ ಅಂತಿದ್ರು ಮಕ್ಳು. ಒಂದೇ ಚಾಕೊಲೇಟ್." ಆಮೇಲೆ ಕನ್ನಡಿ ಕೆಳಗಿಟ್ಟು, "ನೀವು ಕೇಳ್ಲಿಲ್ಲ. ನಿಮ್ಗೆ ಗೊತ್ತಿರುತ್ತೆ ಅಂದ್ಕೊಂಡೆ," ಎಂದರು.

ತೊಡೆಯ ಮೇಲೆ ಕೂತು ಮುಖಕ್ಕೆ ಮುಖ ತಾಗಿಸುವ ಮಕ್ಕಳು. ಅವರ ಕಣ್ಣು ತಪ್ಪಿಸುವುದು ಯಾರಿಂದಲೂ ಆಗದು. ಕಲೆಯನ್ನು ಬಿಟ್ಟು ಬರೆಯೋಣವೆಂದರೆ ಬಲಗಣ್ಣಿನ ಬಣ್ಣವೂ ತುಸು ಬೇರೆ, ಹಸಿರು ಹೆಚ್ಚು ಎಂದರು ಶಬಾನಾ. ಹಳೆಯ ಫೋಟೋಗಳಲ್ಲಿ ಒಂದೊಂದರಲ್ಲಿ ಒಂದೊಂದು ಬಣ್ಣ. ಎಷ್ಟು ಹಸಿರು, ಎಂಥ ಹಸಿರು ಎಂದು ಕೇಳಿದರೆ ಅವರು ಕೊನೆಗೆ, "ಅಮ್ಮಿ ಕಣ್ಣಿನ ಥರ," ಎಂದರು.

ಮರುದಿನವೇ ಅಮ್ಮಿಯನ್ನು, ಅಂದರೆ ಅವರ ತಾಯಿಯನ್ನು, ಕರೆಸಿದೆವು. ಮೆಹರುನ್ನೀಸಾ ತೆಳ್ಳಗಿನ ಹೆಂಗಸು, ಗಟ್ಟಿ ದನಿ. "ಇವ್ಳು ಹುಟ್ಟಿದಾಗ್ಲೇ ನಾನು ಹೇಳಿದ್ದೆ," ಎಂದರು. "ಎಡಗಣ್ಣು ಅವ್ರಪ್ಪಂದು, ಬಲಗಣ್ಣು ನಂದು. ಯಾರೂ ನಂಬ್ಲಿಲ್ಲ." ವೈದ್ಯಶಾಸ್ತ್ರ ಹೀಗೆ ತಾಯಿಗೊಂದು ತಂದೆಗೊಂದು ಎಂದು ಪಾಲು ಹಂಚುವುದಿಲ್ಲ. ಆದರೂ ಕೇಕ್ ಅಚ್ಚನ್ನು ಅವರ ಮುಖಕ್ಕೆ ಹಿಡಿದು ಬಲಗಣ್ಣಿನ ಚಿತ್ರ ತೆಗೆದೆವು.

ಕಲೆಯಿಲ್ಲದ, ತೊಳೆದಿಟ್ಟಂಥ ಹಸಿರು. ಶಬಾನಾ ಪರದೆಯನ್ನು ನೋಡಿದ್ದೇ, "ಇದೇ ಮೇಡಂ, ಇದೇ," ಎಂದು ಅತ್ತುಬಿಟ್ಟರು. ಹೋಗಿಯೇ ಹೋಯಿತು ಎಂದುಕೊಂಡ ಕಣ್ಣು ಇನ್ನೊಬ್ಬರ ಮುಖದಲ್ಲಿ ಪಿಳಿಪಿಳಿ ಎನ್ನುತ್ತಿತ್ತು. ತಾಯಿಯ ಕಣ್ಣನ್ನು ಎಳೆ ಎಳೆಯಾಗಿ ಬರೆದೆ. ಅಂಚಿನಲ್ಲಿ ವಯಸ್ಸಾದವರಿಗೆ ಬರುವ ಮಸುಕು ಬಿಳಿ ಗೆರೆಯೊಂದನ್ನು ಮಾತ್ರ ಬರೆಯದೆ ಬಿಟ್ಟೆ.

ಜೂನ್‌ನಲ್ಲಿ ಶಾಲೆ ಶುರುವಾದ ದಿನ ಶಬಾನಾ ಫೋನ್ ಮಾಡಿದರು. ಮಕ್ಕಳು ಮೊದಮೊದಲು ದೂರ ನಿಂತಿದ್ದರಂತೆ. ಹಿಂದೆ ಅತ್ತಿದ್ದ ಹುಡುಗಿಯೊಬ್ಬಳು ಧೈರ್ಯ ಮಾಡಿ ತೊಡೆಯೇರಿ, ಗಲ್ಲ ಹಿಡಿದು ಎರಡೂ ಕಣ್ಣು ತಪಾಸಣೆ ಮಾಡಿದಳಂತೆ. ಆಮೇಲೆ ಉಳಿದವರ ಕಡೆ ತಿರುಗಿ, "ಚಾಕೊಲೇಟ್ ಅಲ್ಲೇ ಇದೆ," ಎಂದು ಘೋಷಿಸಿದಳಂತೆ. ನಾನು ಫೋನ್ ಇಟ್ಟು ಸೆಲ್ವರಾಜ್‌ನ ಕೋಣೆಗೆ ಓಡಿದೆ.

ಹೋದ ಕಣ್ಣು ಹೇಗಿತ್ತು ಎಂದು ಕೇಳದೆ ಕುಂಚ ಹಿಡಿಯಬಾರದು ಎನ್ನುವುದನ್ನು ನನಗೆ ಕಲಿಸಿದ್ದು ಆ ಬೇಸಿಗೆ. ನಿವೃತ್ತಿಯವರೆಗೂ ಎಲ್ಲರನ್ನೂ ಕೇಳಿದೆ, ಅವರ ಮನೆಯವರನ್ನೂ ಕೇಳಿದೆ. ಜನ ಎಷ್ಟು ಹತ್ತಿರದಿಂದ ಒಬ್ಬರನ್ನೊಬ್ಬರು ನೋಡಿರುತ್ತಾರೆ ಎಂಬುದು ನನಗೆ ಇವತ್ತಿಗೂ ಬೆರಗು.

ಕೃತಕ ಕಣ್ಣಿಗೆ ವರ್ಷಕ್ಕೊಮ್ಮೆ ಪಾಲಿಶ್ ಮಾಡಬೇಕು. ಮರುವರ್ಷ ಶಬಾನಾ ಬಂದಾಗ ಅಮ್ಮಿಯೂ ಬಂದಿದ್ದರು. ತಮ್ಮ ಕಣ್ಣಿನ ಫೋಟೋ ಇನ್ನೊಮ್ಮೆ ನೋಡಬೇಕೆಂದರು. ಪರದೆಯ ಮುಂದೆ ಕೂತು, "ಯೇ ಮೇರಿಚ್ ಆಂಖ್ ಹೈ?" ಇದು ನನ್ನದೇ ಕಣ್ಣಾ ಎಂದು ತಮ್ಮಷ್ಟಕ್ಕೆ ಕೇಳಿಕೊಂಡರು. ನಂತರ ಅಂಚಿನ ಬಿಳಿ ಗೆರೆಯ ಮೇಲೆ ಬೆರಳಿಟ್ಟು, "ಇದು ನನ್ ಮಗಳ ಕಣ್ಣಲ್ಲಿ ಇಲ್ವಲ್ಲ?" ಎಂದರು.

"ಅದು ವಯಸ್ಸಾದ್ಮೇಲೆ ಬರೋದು ಅಮ್ಮಾ. ಅದಕ್ಕೇ ಬಿಟ್ಟೆ."

"ಒಳ್ಳೇದು ಮಾಡಿದ್ರಿ." ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಅವಳ ಇನ್ನೊಂದ್ ಕಣ್ಣಿಗೆ ಇದು ಬರೋ ಹೊತ್ತಿಗೆ ನಾನಿರಲ್ಲ. ಆವಾಗ ನೀವು ಮಾಡಿದ್ ಕಣ್ಣಿಗೂ ನೀವೇ ನೆನಪಿಟ್ಟು ಹಾಕ್ಕೊಡ್ಬೇಕು."

ಆಗಲಿ ಎಂದೆ. ವಯಸ್ಸಿನಲ್ಲಿ ನಾನು ಅವರಿಗಿಂತ ಎರಡೇ ವರ್ಷ ಚಿಕ್ಕವಳು ಎಂದು ಹೇಳಲಿಲ್ಲ.